ಬಚ್ಚಲಿನಿಂದ ತಾರಸಿಯವರೆಗೆ: ಮನೆಯ ಕರೆಂಟಿನ ಬಗ್ಗೆ ಓದುಗರ ಪ್ರಶ್ನೆಗಳು

ಬೇಸಿಗೆಯ ಬಿಲ್ಲು ಕೈಗೆ ಬರುವ ತಿಂಗಳಲ್ಲಿ ಈ ಅಂಕಣಕ್ಕೆ ವಿದ್ಯುತ್ತಿನ ಕುರಿತ ಪತ್ರಗಳು ಹೆಚ್ಚಾಗುವುದು ಪ್ರತಿ ವರ್ಷದ ಅನುಭವ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕರೆಂಟನ್ನು ಉಳಿಸುವ ಉಪಾಯಕ್ಕಿಂತ ಮನೆಯವರನ್ನು, ಮಾಲೀಕರನ್ನು, ಅಕ್ಕಪಕ್ಕದವರನ್ನು ಒಪ್ಪಿಸುವ ಉಪಾಯವನ್ನೇ ಕೇಳಿದ್ದವು. ಅವುಗಳಲ್ಲಿ ಏಳನ್ನು ಆರಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ. ಲೆಕ್ಕದ ಅನುಕೂಲಕ್ಕಾಗಿ ಒಂದು ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದಿದ್ದೇನೆ. ಸಾವಿರ ವ್ಯಾಟಿನ ಉಪಕರಣ ಒಂದು ತಾಸು ಓಡಿದರೆ ಒಂದು ಯೂನಿಟ್. ತೆರಿಗೆ ಮತ್ತು ನಿಗದಿತ ಶುಲ್ಕ ಬೇರೆ.

ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಯ ಬಿಲ್ಲು ಸೊನ್ನೆ. ಆಳಿಲ್ಲದ ಕೋಣೆಯ ಫ್ಯಾನು ಆರಿಸಿ ಎಂದರೆ ಮಕ್ಕಳಿರಲಿ, ನಮ್ಮ ಯಜಮಾನರೇ ‘ಪುಕ್ಕಟೆ ಕರೆಂಟಿಗೆ ಯಾಕಿಷ್ಟು ಜಿಪುಣತನ’ ಎಂದು ನಗುತ್ತಾರೆ. ಅವರಿಗೆ ಏನು ಹೇಳಲಿ? — ಗೃಹಿಣಿ, ದಾವಣಗೆರೆ

ಏನೂ ಹೇಳಬೇಡಿ, ಬಿಲ್ಲಿನ ಹಾಳೆಯನ್ನು ಮುಂದಿಡಿ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಪ್ರತಿ ಮನೆಗೂ 200 ಯೂನಿಟ್ ಉಚಿತವಾಗಿ ಕೊಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ನಿಮ್ಮ ಮನೆಯಲ್ಲಿ 2022–23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಕೆಯಾಗಿತ್ತೋ ಅದರ ಮೇಲೆ ಅಲ್ಪ ಹೆಚ್ಚುವರಿ ಸೇರಿಸಿ ನಿಮ್ಮ ಅರ್ಹತೆಯ ಮಿತಿಯನ್ನು ಗೊತ್ತುಮಾಡಲಾಗಿದೆ. ಆ ಮಿತಿಯನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್ಟುಗಳಿಗೆ ಮಾತ್ರ ಹಣ ಕಟ್ಟಬೇಕು; 200ನ್ನು ದಾಟಿದ ತಿಂಗಳು ಆರಂಭದ ಯೂನಿಟ್ಟಿನಿಂದಲೇ ಪೂರ್ತಿ ಬಿಲ್ಲು ಬರುತ್ತದೆ. ಅರ್ಹತೆಯೇ 200ರ ಸಮೀಪವಿರುವ ಮನೆಯಲ್ಲಿ 200ನೆಯ ಯೂನಿಟ್ಟಿಗೆ ಒಂದು ಪೈಸೆಯಿಲ್ಲ, 201ನೆಯದಕ್ಕೆ ಸಾವಿರದ ಇನ್ನೂರು ರೂಪಾಯಿಗೂ ಮೇಲೆ ಬೀಳುತ್ತದೆ ಎಂದರೆ ನಿಮ್ಮ ಯಜಮಾನರು ನಗುವುದನ್ನು ನಿಲ್ಲಿಸಿ ಹಾಳೆಯನ್ನು ಕೈಗೆತ್ತಿಕೊಳ್ಳುವ ಸಾಧ್ಯತೆಯಿದೆ.

ಮಾರ್ಚ್‌ನಿಂದ ಮೇವರೆಗೆ ನಿಮ್ಮೂರಿನಲ್ಲಿ ಫ್ಯಾನು ಹಗಲಿರುಳೂ ತಿರುಗುತ್ತದೆ, ಫ್ರಿಜ್ ಹೆಚ್ಚು ಹೊತ್ತು ಓಡುತ್ತದೆ, ಹೊಸದಾಗಿ ಕೂಲರ್ ಬಂದಿದ್ದರೆ ಅದೂ ಸೇರುತ್ತದೆ. ಹೀಗೆ ಸೊನ್ನೆ ಬಿಲ್ಲಿನ ಮನೆಗಳು ಮಿತಿಯನ್ನು ದಾಟುವುದು ಸಾಮಾನ್ಯವಾಗಿ ಈ ಮೂರು ತಿಂಗಳಲ್ಲಿ. ಕಳೆದ ವರ್ಷದ ಏಪ್ರಿಲ್ ಬಿಲ್ಲನ್ನು ಹುಡುಕಿ, ಮಿತಿಗೂ ಬಳಕೆಗೂ ಎಷ್ಟು ಅಂತರವಿತ್ತು ಎಂದು ನೋಡಿ. ಪುಕ್ಕಟೆ ಎಂಬುದನ್ನು ಸರ್ಕಾರ ನಮ್ಮ ತೆರಿಗೆಯ ಹಣದಿಂದಲೇ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುತ್ತದೆ ಎಂಬ ವಾದವೂ ಇದೆ, ಅದು ಸರಿಯಾದದ್ದೂ ಹೌದು. ಆದರೆ ಊಟದ ಹೊತ್ತಿನಲ್ಲಿ ಆ ವಾದದಿಂದ ಯಾರೂ ಫ್ಯಾನು ಆರಿಸಿದ್ದನ್ನು ನಾನು ಕಂಡಿಲ್ಲ.

ಎಲ್ಲ ಬಲ್ಬುಗಳನ್ನು ಎಲ್‌ಇಡಿ ಮಾಡಿದ್ದೇನೆ, ಚಾರ್ಜರುಗಳನ್ನು ಕಿತ್ತಿಡುತ್ತೇನೆ, ಸೋಲಾರ್ ನೀರಿನ ಹೀಟರ್ ಹಾಕಿಸಿ ಎಂಟು ವರ್ಷವಾಯಿತು. ಆದರೂ ಇಬ್ಬರೇ ಇರುವ ನಮ್ಮ ಮನೆಗೆ ತಿಂಗಳಿಗೆ 260 ಯೂನಿಟ್ ಬರುತ್ತಿದೆ. ಕರೆಂಟು ಹೋಗುತ್ತಿರುವುದು ಎಲ್ಲಿಗೆ? — ನಿವೃತ್ತ ಶಿಕ್ಷಕರು, ಧಾರವಾಡ

ತಮ್ಮ ಪತ್ರದಲ್ಲೇ ಉತ್ತರದ ಸುಳಿವಿದೆ. ಆದರೆ ಊಹಿಸುವ ಬದಲು ಅಳೆಯೋಣ. ಮೀಟರಿನ ಮುಖದ ಮೇಲೆ ಸಣ್ಣದೊಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬ ಸಂಖ್ಯೆಯೂ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಹಲವು ಮೀಟರುಗಳಲ್ಲಿ ಅದು 3200. ರಾತ್ರಿ ಊಟವಾದ ಮೇಲೆ ಫ್ರಿಜ್ಜಿನ ಪ್ಲಗ್ಗನ್ನೂ ಸೇರಿಸಿ ಎಲ್ಲವನ್ನೂ ಆರಿಸಿ, ಟಾರ್ಚು ಹಿಡಿದು ಮೀಟರಿನ ಮುಂದೆ ಒಂದೆರಡು ನಿಮಿಷ ನಿಲ್ಲಿ. ನಿಮಿಷಕ್ಕೆ ಒಂದು ಸಲ ಮಿಣುಕಿದರೆ ಎಲ್ಲಿಯೋ ಸುಮಾರು 19 ವ್ಯಾಟ್ ಹರಿಯುತ್ತಿದೆ ಎಂದರ್ಥ. ಎರಡು ಸಲವಾದರೆ ಅದು ತಿಂಗಳಿಗೆ 27 ಯೂನಿಟ್ಟಿನ ಸೋರಿಕೆ. ಟಿವಿ ಆರಿಸಿದರೂ ಹಗಲಿರುಳು 10 ವ್ಯಾಟ್ ಎಳೆಯುತ್ತ ಕೂರುವ ಸೆಟ್‌ಟಾಪ್ ಬಾಕ್ಸು ತಿಂಗಳಿಗೆ 7 ಯೂನಿಟ್ ತಿನ್ನುತ್ತದೆ. ಐದು ಎಲ್‌ಇಡಿ ಬಲ್ಬುಗಳನ್ನು ದಿನಕ್ಕೆ ಐದು ತಾಸು ಉರಿಸಿದರೆ ಆಗುವಷ್ಟೇ ಖರ್ಚು ಅದು. ಮೊಬೈಲನ್ನು ದಿನವೂ ಪೂರ್ತಿ ಚಾರ್ಜ್ ಮಾಡಿದರೂ ತಿಂಗಳಿಗೆ ಒಂದು ಯೂನಿಟ್ ದಾಟುವುದಿಲ್ಲವಾದ್ದರಿಂದ ಚಾರ್ಜರಿನ ಚಿಂತೆಯನ್ನು ಬಿಟ್ಟುಬಿಡಿ.

ಇದೇ ಪರೀಕ್ಷೆಯನ್ನು ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಮಾಡಿದಾಗ, ಮನೆಯೆಲ್ಲ ಕತ್ತಲಾಗಿದ್ದರೂ ಕೆಂಪು ದೀಪ ಎಣಿಸಲಾಗದಷ್ಟು ವೇಗವಾಗಿ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಮಿಣುಕುತ್ತಿತ್ತು. ಅಂದರೆ 2 ಕಿಲೋವ್ಯಾಟ್. ಒಂದೊಂದು ಸಾಲಿನ ಕರೆಂಟನ್ನು ಕಡಿಯುವ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸುತ್ತ ಹೋದೆವು. ಕೊನೆಗೆ ಸಿಕ್ಕಿದ್ದು ತಾರಸಿಯ ಮೆಟ್ಟಿಲ ಬಳಿ, ಒಣಹಾಕಿದ ಗೋಣಿಚೀಲದ ಹಿಂದೆ ಅಡಗಿದ್ದ ಒಂದು ಸ್ವಿಚ್ಚು. ಬಿಸಿಲಿಲ್ಲದಾಗ ನೀರು ಕಾಯಿಸಲೆಂದು ಸೋಲಾರ್ ಟ್ಯಾಂಕಿನೊಳಗೆ ಇಟ್ಟ ಕರೆಂಟಿನ ಕಾಯಿಲ್ಲಿನದು ಅದು. ಶ್ರಾವಣದ ಮೋಡದ ದಿನಗಳಲ್ಲಿ ಹಾಕಿದ್ದು, ಬಿಸಿಲು ಬಂದ ಮೇಲೂ ಆರಿಸಿರಲಿಲ್ಲ.

ಇದರಿಂದಾಗುವ ನಷ್ಟ ಮೇಲುನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಬೆಳಿಗ್ಗೆ ಸ್ನಾನಕ್ಕೆ ಬಳಸಿದಷ್ಟು ತಣ್ಣೀರು ಟ್ಯಾಂಕಿಗೆ ತುಂಬಿಕೊಳ್ಳುತ್ತದೆ, ಸೂರ್ಯ ಏರುವ ಮೊದಲೇ ಕಾಯಿಲ್ ಅದನ್ನು ಕಾಯಿಸಿ ಮುಗಿಸುತ್ತದೆ, ಆಮೇಲೆ ಬಿಸಿಲಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. 200 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಸುಮಾರು 8 ಯೂನಿಟ್ ಬೇಕು. ಇಬ್ಬರು ಅಷ್ಟು ಬಳಸುವುದಿಲ್ಲವೆಂದರೂ, ಬಿಸಿಯಾದ ಟ್ಯಾಂಕು ರಾತ್ರಿಯಿಡೀ ಕಳೆದುಕೊಳ್ಳುವ ಶಾಖವನ್ನೂ ಕಾಯಿಲ್ಲೇ ತುಂಬುತ್ತಿರುತ್ತದೆ. ತಮ್ಮ ಮನೆಯಲ್ಲಿಯೂ ಇದೇ ಆಗಿದೆಯೆಂದು ನಾನು ಶಪಥ ಮಾಡಲಾರೆ, ಆದರೆ ಮೊದಲು ನೋಡಬೇಕಾದ ಜಾಗ ಅದೇ. ಆ ಸ್ವಿಚ್ಚನ್ನು ಕಣ್ಣಿಗೆ ಬೀಳುವ ಕಡೆಗೆ, ಕೆಂಪು ಸೂಚಕ ದೀಪವಿರುವ ಸ್ವಿಚ್ಚಾಗಿ ಬದಲಾಯಿಸಿ. ತಾರಸಿಗೆ ಹೋದಾಗ ಫಲಕದ ಗಾಜನ್ನೂ ಒರೆಸಿ ಬನ್ನಿ. ಎಂಟು ವರ್ಷದ ಧೂಳು ಕುಳಿತಿದ್ದರೆ, ಬೋರ್‌ವೆಲ್ಲಿನ ಗಡಸು ನೀರಿನಿಂದ ಒಳಗೆ ಸುಣ್ಣದ ಪದರ ಕಟ್ಟಿದ್ದರೆ, ಸೋಲಾರ್ ಇದ್ದೂ ಇಲ್ಲದಂತಾಗಿರುತ್ತದೆ. ಬಿಲ್ಲಿನಲ್ಲಿ ಸೋಲಾರ್ ಹೀಟರಿಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿ ಕಾಣಿಸಬೇಕು. ಇಲ್ಲದಿದ್ದರೆ ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಗೆ ಅರ್ಜಿ ಕೊಡಿ.

ಹಾಲ್‌ನಲ್ಲಿರುವ ಫ್ಯಾನಿಗೆ ಇಪ್ಪತ್ತು ವರ್ಷ. ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನು ತರೋಣವೆಂದರೆ ಅಮ್ಮ ‘ತಿರುಗುತ್ತಿರುವ ಫ್ಯಾನನ್ನು ಬಿಸಾಡುವುದು ದುಂದುಗಾರಿಕೆ’ ಎನ್ನುತ್ತಾರೆ. ಯಾರು ಸರಿ? — ಬ್ಯಾಂಕ್ ಉದ್ಯೋಗಿ, ಬಳ್ಳಾರಿ

ಫ್ಯಾನು ಯಾವ ಕೋಣೆಯಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಹಳೆಯ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನು ಅಷ್ಟೇ ಗಾಳಿಗೆ ಸುಮಾರು 30 ವ್ಯಾಟ್. ದಿನಕ್ಕೆ 12 ತಾಸು ತಿರುಗುವ ಹಾಲ್‌ನಲ್ಲಿ ತಿಂಗಳಿಗೆ 16 ಯೂನಿಟ್, ಅಂದರೆ ನೂರು ರೂಪಾಯಿಯ ಹತ್ತಿರ ಉಳಿಯುತ್ತದೆ. ಮೂರು ಸಾವಿರದ ಫ್ಯಾನು ಎರಡೂವರೆ ವರ್ಷದಲ್ಲಿ ತನ್ನ ಬೆಲೆಯನ್ನು ತೀರಿಸುತ್ತದೆ, ಬಳ್ಳಾರಿಯಂಥ ಊರಿನಲ್ಲಿ ಫ್ಯಾನಿಗೆ ರಜೆಯ ತಿಂಗಳುಗಳೇ ಇಲ್ಲವಾದ್ದರಿಂದ ಈ ಲೆಕ್ಕ ತಪ್ಪುವುದಿಲ್ಲ. ಅದೇ ಫ್ಯಾನು ದೇವರ ಕೋಣೆಯಲ್ಲೋ ಅತಿಥಿಗಳ ಕೋಣೆಯಲ್ಲೋ ದಿನಕ್ಕೆ ಒಂದು ತಾಸು ತಿರುಗುತ್ತಿದ್ದರೆ ಅಮ್ಮನೇ ಸರಿ. ಮನೆಯ ಐದು ಫ್ಯಾನುಗಳನ್ನೂ ಒಟ್ಟಿಗೆ ಬದಲಾಯಿಸಿ ಎನ್ನುವ ಅಂಗಡಿಯವರ ಮಾತನ್ನು ಕೇಳಬೇಡಿ. ಅತಿ ಹೆಚ್ಚು ತಿರುಗುವ ಒಂದನ್ನು ಮಾತ್ರ ಮೊದಲು ಬದಲಾಯಿಸಿ, ಅಮ್ಮ ಆರು ತಿಂಗಳು ಅದರ ಗಾಳಿಯಲ್ಲಿ ಕುಳಿತು ನೋಡಲಿ.

ಎರಡು ಎಚ್ಚರಿಕೆಗಳು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಇಂಧನ ದಕ್ಷತಾ ಬ್ಯೂರೋದ ಆ ಲೇಬಲ್ಲನ್ನು ಓದದೆ ಬರೀ ‘ಕರೆಂಟು ಉಳಿಸುತ್ತದೆ’ ಎಂಬ ಪೆಟ್ಟಿಗೆಯ ಬರಹವನ್ನು ನಂಬಬೇಡಿ. ಮತ್ತೊಂದು, ಹೊಸ ಫ್ಯಾನಿನ ವೇಗವನ್ನು ರಿಮೋಟಿನಿಂದ ಬದಲಾಯಿಸುವುದಿದ್ದರೆ ಗೋಡೆಯ ಹಳೆಯ ರೆಗ್ಯುಲೇಟರನ್ನು ತೆಗೆಸಿ ನೇರ ಸಂಪರ್ಕ ಕೊಡಿಸಬೇಕು. ಇನ್ನು ಹಳೆಯದರ ವಿಲೇವಾರಿ. ನಮ್ಮಲ್ಲಿ ಹೊಸ ಫ್ರಿಜ್ ಬಂದ ದಿನ ಹಳೆಯದು ಮಹಡಿಗೆ ಏರುತ್ತದೆ, ನಾಲ್ಕು ಬಾಟಲಿ ನೀರು ತಣ್ಣಗಿಡಲು ವರ್ಷವಿಡೀ ಓಡುತ್ತದೆ. ಮನೆಗೆ ಬಂದದ್ದು ದಕ್ಷ ಯಂತ್ರ, ಬಿಲ್ಲು ಮಾತ್ರ ಮೊದಲಿಗಿಂತ ಜಾಸ್ತಿ. ಫ್ಯಾನಿನ ವಿಷಯದಲ್ಲಿಯೂ ಅಮ್ಮ ಹಳೆಯದನ್ನು ಅಡುಗೆಮನೆಗೆ ಹಾಕಿಸಿದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ನಮ್ಮದು ಆರ್‌ಸಿಸಿ ಮನೆ, ಮೇಲಂತಸ್ತು. ರಾತ್ರಿ ಹನ್ನೊಂದಾದರೂ ಸೂರು ಕಾದ ಹಂಚಿನಂತಿರುತ್ತದೆ. ಎಸಿ ಹಾಕಿಸಿ, ಅದರ ಖರ್ಚಿಗೆ ತಾರಸಿಯ ಮೇಲೆ ಸೋಲಾರ್ ಫಲಕ ಹಾಕಿಸುವ ಆಲೋಚನೆಯಿದೆ. ಸರಿಯೇ? — ಓದುಗರು, ಕಲಬುರಗಿ

ಕ್ರಮವನ್ನು ತಿರುಗಿಸಿ. ಕಾಂಕ್ರೀಟಿನ ಸೂರು ಹಗಲೆಲ್ಲ ಬಿಸಿಲು ಹೀರಿ ರಾತ್ರಿಯೆಲ್ಲ ಕೆಳಕ್ಕೆ ಬಿಡುತ್ತದೆ. ಆ ಕೋಣೆಯಲ್ಲಿ ಎಸಿ ಮನುಷ್ಯರನ್ನು ತಂಪು ಮಾಡುವುದಕ್ಕಿಂತ ಸೂರಿನೊಂದಿಗೆ ಕಾದಾಡುವುದರಲ್ಲಿ ಹೆಚ್ಚು ಕರೆಂಟು ಸುಡುತ್ತದೆ. ನಿಮ್ಮ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಒಂದೂವರೆ ಅಡಿಯ ಗೋಡೆ ಮತ್ತು ಮೇಲ್ಮುದ್ದೆ ಹಾಕಿದ ಮಣ್ಣಿನ ಸೂರು ಆ ಬಿಸಿಯನ್ನು ಒಳಗೆ ಬಿಡುತ್ತಿರಲಿಲ್ಲ. ಈಗ ಮಾಡಬಹುದಾದ ಅಗ್ಗದ ಕೆಲಸವೆಂದರೆ ಫೆಬ್ರುವರಿಯಲ್ಲಿ ತಾರಸಿಯನ್ನು ತೊಳೆದು, ಒಣಗಿದ ಮೇಲೆ ಎರಡು ಪದರ ಬಿಳಿ ಸುಣ್ಣ ಬಳಿಯುವುದು, ಹಣವಿದ್ದರೆ ಬಿಸಿಲನ್ನು ಮರಳಿಸುವ ಬಿಳಿ ಬಣ್ಣ ಅಥವಾ ಬಿಳಿ ಚೂರು ಟೈಲ್ಸ್ ಹಾಕಿಸುವುದು. ಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲಾಗದ ತಾರಸಿಯ ಮೇಲೆ ಸುಣ್ಣ ಬಳಿದ ಮೇಲೆ ನಿಂತು ನೋಡಿ.

ಆಮೇಲೆ ಕೂಲರ್. ಕಲಬುರಗಿ, ರಾಯಚೂರಿನ ಒಣ ಸೆಕೆಗೆ 200 ವ್ಯಾಟಿನ ಆಸುಪಾಸಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿಯಲ್ಲೇ ನೀರು ತುಂಬಿರುವ ಮಂಗಳೂರಿನವರಿಗೆ ಈ ಸಲಹೆ ಕೊಡಲಾರೆ. ಎಸಿ ಬೇಕೇ ಬೇಕೆಂದಾದರೆ, 2020ರಿಂದ ಹೊಸ ಎಸಿಗಳು ಆರಂಭದಲ್ಲಿ 24 ಡಿಗ್ರಿಗೇ ನಿಲ್ಲುವಂತೆ ನಿಯಮವಿದೆ. ಅದನ್ನು 18ಕ್ಕೆ ಇಳಿಸಬೇಡಿ, ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ. 6ರಷ್ಟು ಉಳಿಯುತ್ತದೆ. ಸೋಲಾರ್ ಫಲಕಗಳಿಗೆ 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಲಾಗಿದೆ. ಮನೆಯ ಬಳಕೆಯನ್ನು ಮೊದಲು ಇಳಿಸಿಕೊಂಡರೆ 3ರ ಜಾಗದಲ್ಲಿ 2 ಕಿಲೋವ್ಯಾಟೇ ಸಾಕಾಗಬಹುದು. ಫಲಕದ ನೆರಳಿನಿಂದ ಸೂರು ತಂಪಾಗುವುದು ಹೆಚ್ಚುವರಿ ಲಾಭ.

ಅಡಿಕೆ ತೋಟದ ಮನೆ ನಮ್ಮದು. ಬಚ್ಚಲ ಹಂಡೆಗೆ ಸೌದೆ, ಅಡಿಕೆ ಸಿಪ್ಪೆಗೆ ಕೊರತೆಯಿಲ್ಲ. ಮಗ ಸೋಲಾರ್ ಹಾಕಿಸೋಣ ಎನ್ನುತ್ತಾನೆ. ಹಂಡೆ ಒಲೆ ಬಿಡಬೇಕೇ? — ಕೃಷಿಕರು, ತೀರ್ಥಹಳ್ಳಿ

ಬಿಡಬೇಕಿಲ್ಲ, ಮಗನ ಮಾತನ್ನೂ ತಳ್ಳಬೇಕಿಲ್ಲ. ಅಕ್ಟೋಬರಿನಿಂದ ಮೇವರೆಗೆ ಬಿಸಿಲು ನೀರು ಕಾಯಿಸಲಿ, ಆಗುಂಬೆಯ ಮಳೆ ನಿಮ್ಮ ಅಂಗಳಕ್ಕೂ ಬರುವ ನಾಲ್ಕು ತಿಂಗಳು ಹಂಡೆ ಉರಿಯಲಿ. ಸೋಲಾರ್ ಟ್ಯಾಂಕಿಗೆ ಕರೆಂಟಿನ ಕಾಯಿಲ್ ಹಾಕಿಸುವ ಗೋಜು ನಿಮಗಿಲ್ಲ ಎಂಬುದೇ ನಿಮ್ಮ ಭಾಗ್ಯ. ಆದರೆ ಬಾಯಿ ತೆರೆದ ಒಲೆಯಲ್ಲಿ ಸೌದೆಯ ಶಾಖದ ಹೆಚ್ಚಿನ ಪಾಲು ಹೊಗೆಯೊಂದಿಗೆ ಬಚ್ಚಲ ಮಾಡಿಗೇ ಹೋಗುತ್ತದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದೇ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಒಲೆ ನಿಮ್ಮ ತಾಲೂಕಿನ ಹಿರಿಯರಿಗೆ ನೆನಪಿರಬಹುದು: ಸೌದೆಯ ಕೆಳಗೆ ಗಾಳಿಯಾಡುವ ಜಾಲರಿ, ಉರಿ ಹೊರಚೆಲ್ಲದಂತೆ ಮುಚ್ಚಿದ ಗೂಡು, ಹೊಗೆಗೊಂದು ಕೊಳವೆ. ಹಂಡೆಯ ಒಲೆಗೂ ಈ ಮೂರನ್ನು ಕಟ್ಟಿಸಿದರೆ ಸೌದೆ ಗಣನೀಯವಾಗಿ ಇಳಿಯುತ್ತದೆ. ಸೌದೆಯನ್ನು ಮಳೆಗೆ ಮುನ್ನವೇ ಒಣಗಿಸಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಬಾಡಿಗೆ ಮನೆ. ತಾರಸಿಯ ಸೋಲಾರ್ ನೀರು ಮಾಲೀಕರ ಮನೆಗೆ ಮಾತ್ರ, ನಮಗೆ ಗೀಸರ್. ಬಿಲ್ಲು ನಮ್ಮದು, ಮನೆ ಅವರದು. ಏನು ಮಾಡಬಹುದು? — ಓದುಗರು, ಬೆಂಗಳೂರು

ಬಿಲ್ಲು ಕಟ್ಟುವವರು ಒಬ್ಬರು, ಗೋಡೆ ಒಡೆಯುವ ಅಧಿಕಾರವಿರುವವರು ಇನ್ನೊಬ್ಬರು ಎಂಬ ಈ ತೊಡಕಿಗೆ ಪೂರ್ತಿ ಪರಿಹಾರವಿಲ್ಲ. ನಾನೂ ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದೆ. ಪೈಪಿನ ಖರ್ಚಿನ ಅರ್ಧ ಕೊಡುತ್ತೇನೆಂದರೂ ಮಾಲೀಕರು ಒಪ್ಪಿರಲಿಲ್ಲ. ಬಿಟ್ಟುಹೋಗುವಾಗ ಕಿತ್ತುಕೊಂಡು ಹೋಗಬಹುದಾದ ಫ್ಯಾನು ಮತ್ತು ಬಲ್ಬುಗಳಿಗೆ ಮಾತ್ರ ನಿಮ್ಮ ಹಣ ಹಾಕಿ. ಗೀಸರನ್ನು ಸ್ನಾನಕ್ಕೆ ಕಾಲು ಗಂಟೆ ಮೊದಲು ಹಾಕಿ, ಎಲ್ಲರೂ ಒಬ್ಬರ ಹಿಂದೊಬ್ಬರು ಮುಗಿಸಿ ಆರಿಸಿ. ನಾಲ್ಕು ಜನ ಒಂದೊಂದು ಬಕೆಟ್ಟಿನಲ್ಲಿ ಸ್ನಾನ ಮಾಡಿದರೆ ತಿಂಗಳಿಗೆ ಸುಮಾರು 45 ಯೂನಿಟ್ ಸಾಕು, ಶವರಿನಲ್ಲಿ ಅದು ಎರಡು ಮೂರು ಪಟ್ಟಾಗುತ್ತದೆ. ಕರಾರು ನವೀಕರಿಸುವ ತಿಂಗಳಿನಲ್ಲಿ ಸೋಲಾರ್ ಸಂಪರ್ಕದ ಮಾತನ್ನು ಮತ್ತೆ ಎತ್ತಿ. ಬಾಡಿಗೆ ಏರಿಸುವ ಹೊತ್ತಿನಲ್ಲಿ ಮಾಲೀಕರ ಕಿವಿ ಸ್ವಲ್ಪ ತೆರೆದಿರುತ್ತದೆ.

ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ 20 ಜನರಿದ್ದೇವೆ. ‘ವಿದ್ಯುತ್ ಉಳಿಸಿ’ ಎಂಬ ಕರಪತ್ರ ಹಂಚಿದೆವು, ಎಂಜಿನಿಯರೊಬ್ಬರನ್ನು ಕರೆಸಿ ಭಾಷಣವನ್ನೂ ಮಾಡಿಸಿದೆವು. ಯಾರ ಮನೆಯಲ್ಲೂ ಏನೂ ಬದಲಾಗಲಿಲ್ಲ. ಇನ್ನೇನು ಮಾಡಬೇಕು? — ಸಂಘದ ಕಾರ್ಯದರ್ಶಿ, ಹಾಸನ

ಅಂತಹ ಭಾಷಣಗಳನ್ನು ನಾನೂ ಮಾಡಿದ್ದೇನೆ. ಚಹಾ ಚೆನ್ನಾಗಿತ್ತು ಎಂಬುದೊಂದೇ ಜನರಿಗೆ ನೆನಪಿದೆ. ನಮ್ಮ ದೇಶದಲ್ಲಿ ಎಲ್‌ಇಡಿ ಬಲ್ಬು ಮನೆಮನೆಗೆ ಹೊಕ್ಕಿದ್ದು ಭಾಷಣದಿಂದಲ್ಲ ಎಂಬುದನ್ನು ಗಮನಿಸಿ. 2014ರ ಆರಂಭದಲ್ಲಿ ಸರ್ಕಾರಿ ಸಗಟು ಖರೀದಿಯಲ್ಲೇ ಒಂದು ಬಲ್ಬಿಗೆ 310 ರೂಪಾಯಿ ಇತ್ತು. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಆರಂಭವಾಗಿ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಳ್ಳತೊಡಗಿದ ಮೇಲೆ ಅದು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಅದೇ ಬಲ್ಬು ಬಂತು; ಕರೆಂಟು ಬಿಲ್ಲನ್ನು ತೋರಿಸಿ ಕೊಂಡು ತಂದದ್ದು ನಿಮ್ಮ ಸದಸ್ಯೆಯರಲ್ಲಿ ಹಲವರಿಗೆ ನೆನಪಿರಬೇಕು. ದೇಶದಲ್ಲಿ ಹಾಗೆ ಹಂಚಿದ ಬಲ್ಬುಗಳು 36 ಕೋಟಿಗೂ ಹೆಚ್ಚು. ಆ ಬಲ್ಬು ಯಾರಿಂದಲೂ ತ್ಯಾಗ ಬೇಡಲಿಲ್ಲ: 60 ವ್ಯಾಟಿನ ಜಾಗದಲ್ಲಿ 9 ವ್ಯಾಟ್, ಬೆಳಕು ಮೊದಲಿಗಿಂತ ಕಡಿಮೆಯಲ್ಲ, ಕೈಗೆಟುಕುವ ಬೆಲೆ.

ನಿಮ್ಮ ಸಂಘಕ್ಕೂ ಇದೇ ದಾರಿ ಹೊಂದುತ್ತದೆ. ಮೊದಲ ತಿಂಗಳು ಯಾರಿಗೂ ಏನನ್ನೂ ಕೊಳ್ಳಲು ಹೇಳಬೇಡಿ. ಮೀಟರ್ ರೀಡರ್ ಬಂದ ದಿನದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಮೀಟರ್ ನೋಡಿ ಬರೆಯುತ್ತ ಹೋಗಲಿ. ನೆರೆಯವರ ಬಳಕೆಯೊಂದಿಗೆ ಹೋಲಿಸಿದ ಹಾಳೆಯನ್ನು ಮನೆಮನೆಗೆ ಕಳುಹಿಸಿದಾಗ ಅಮೆರಿಕದಲ್ಲಿ ಬಳಕೆ ಸರಾಸರಿ ಶೇ. 2ರಷ್ಟು ಇಳಿದದ್ದುಂಟು, ಆದರೆ ಸಭೆಯಲ್ಲಿ ಒಬ್ಬರ ಬಿಲ್ಲನ್ನು ಇನ್ನೊಬ್ಬರ ಮುಂದೆ ಓದುವ ಕೆಲಸಕ್ಕೆ ನೀವು ಕೈಹಾಕಬೇಡಿ. ಮೂವರಿರುವ ಮನೆಯನ್ನು ಎಂಟು ಜನರ ಮನೆಯೊಂದಿಗೆ ಹೋಲಿಸಿದರೆ ಉಳಿಯುವುದು ಮನಸ್ತಾಪ ಮಾತ್ರ. ಪ್ರತಿ ಮನೆಯೂ ತನ್ನ ಹೋದ ವರ್ಷದ ಇದೇ ತಿಂಗಳಿನೊಂದಿಗೆ ಹೋಲಿಸಿಕೊಂಡರೆ ಸಾಕು.

ಎರಡನೆಯ ಸಭೆಗೆ, ಈಗಾಗಲೇ ಹೊಸ ಫ್ಯಾನು ಹಾಕಿಸಿದ ಸದಸ್ಯೆ ಯಾರಾದರೂ ಇದ್ದರೆ ಅವರ ಮನೆಯ ಹಾಲ್‌ನಲ್ಲೇ ಸೇರಿ. ಗಾಳಿ ಬರುತ್ತದೆಯೇ, ರಿಮೋಟ್ ಕೆಟ್ಟರೆ ಏನು ಗತಿ, ಗ್ಯಾರಂಟಿ ಎಷ್ಟು ವರ್ಷ ಎಂಬ ಪ್ರಶ್ನೆಗಳಿಗೆ ಎಂಜಿನಿಯರಿಗಿಂತ ಅವರೇ ಚೆನ್ನಾಗಿ ಉತ್ತರಿಸುತ್ತಾರೆ. ಹತ್ತು ಜನ ಒಪ್ಪಿದರೆ ಅಂಗಡಿಯಲ್ಲಿ ಒಟ್ಟಿಗೆ ಚೌಕಾಸಿ ಮಾಡಿ, ಹಣವನ್ನು ಸಂಘದ ಉಳಿತಾಯದಿಂದ ಬಡ್ಡಿಯಿಲ್ಲದೆ ಕೊಟ್ಟು, ತಿಂಗಳಿಗೆ ನೂರು ರೂಪಾಯಿಯಂತೆ ಮರಳಿ ಪಡೆಯಿರಿ. ದಿನವಿಡೀ ಫ್ಯಾನು ತಿರುಗುವ ಮನೆಯಲ್ಲಿ ಬಿಲ್ಲಿನಲ್ಲಿ ಇಳಿಯುವುದೂ ಹೆಚ್ಚುಕಡಿಮೆ ಅಷ್ಟೇ. ಗೃಹಜ್ಯೋತಿಯ ಮಿತಿಯೊಳಗೆ ಇದ್ದು ಸೊನ್ನೆ ಬಿಲ್ಲು ಬರುವವರಿಗೆ ಈ ಕಂತು ಕೈಯಿಂದಲೇ ಹೋಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿ. ಅವರನ್ನು ಒತ್ತಾಯಿಸದೆ, ಮಿತಿ ದಾಟುತ್ತಿರುವ ಮನೆಗಳಿಂದ ಆರಂಭಿಸುವುದು ಮೇಲು. ಫ್ಯಾನುಗಳು ಬಂದ ದಿನ ಹತ್ತು ಮನೆಗೂ ಒಬ್ಬನೇ ಎಲೆಕ್ಟ್ರಿಷಿಯನ್ನನ್ನು ಗೊತ್ತುಮಾಡಿ, ರೆಗ್ಯುಲೇಟರುಗಳನ್ನು ಅವನಿಂದಲೇ ತೆಗೆಸಿ, ಕೆಳಗಿಳಿಸಿದ ಹಳೆಯ ಫ್ಯಾನುಗಳನ್ನು ಅದೇ ಸಂಜೆ ಗುಜರಿ ಅಂಗಡಿಗೆ ಸಾಗಿಸಿಬಿಡಿ.